ಆಯ್ತು ಬುಡು

ತರನ್ನುಮ್ ಸೆರಗಿನ ತುದಿಯ ಗಂಟನ್ನು ಉಗುರಿನಿಂದ ಬಿಡಿಸಲು ನೋಡುತ್ತಿದ್ದಳು. ಗಂಟು ಬಿಗಿಯಾಗಿತ್ತು. ಅದನ್ನು ಹಾಕಿದ ದೇವಿರಮ್ಮ ಅದೇ ಸೀರೆಯಲ್ಲಿ, ನಡುಮನೆಯ ಚಾಪೆಯ ಮೇಲೆ, ತಲೆ ದಕ್ಷಿಣಕ್ಕಾಗಿ ಮಲಗಿದ್ದಳು. ಜೀವ ಹೋಗಿ ಎರಡು ಗಂಟೆಯಾಗುತ್ತ ಬಂದಿತ್ತು. ತಲೆಯ ಬಳಿ ಒಂದು ಹಣತೆ ಉರಿಯುತ್ತಿತ್ತು.

"ಬೇಗ ಕಣಮ್ಮಿ," ಎಂದ ದೇವಿರಮ್ಮನ ಗಂಡ ನಿಂಗಯ್ಯ, ಬಾಗಿಲಲ್ಲಿ ನಿಂತು. "ಮೂರು ಮಕ್ಳು ಆಗ್ಲೇ ಬಂದವೆ. ಒಳಿಕ್ಕೆ ಇಣುಕ್ತಾ ಅವೆ."

"ಗಂಟು ಬತ್ತಾ ಇಲ್ಲ ಅಪ್ಪಾಜಿ."

"ಅವ್ಳು ಆಕಿದ್ ಗಂಟು ಯಾವತ್ತು ಸಲೀಸಾಗಿ ಬಂದದೆ. ಕತ್ರಿ ತಗಂಡು ಕತ್ತರಿಸ್ಬುಡು."

ತರನ್ನುಮ್ ಕತ್ತರಿ ತೆಗೆದುಕೊಳ್ಳಲಿಲ್ಲ. ಬಗ್ಗಿ ಹಲ್ಲಿನಿಂದ ಒಂದು ಎಳೆಯನ್ನು ಹಿಡಿದು ಎಳೆದಳು. ಸೀರೆಯಲ್ಲಿ ಹುರಿಹಿಟ್ಟಿನ ವಾಸನೆಯಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳಿಗೆ ರಾಗಿ ಹುರಿಹಿಟ್ಟು ಕಲಸಿಡಲು ಹೋದವಳು, ಯಾಕೋ ಎದೆ ಹಿಡ್ಕತದೆ ಎಂದು ಬಾಗಿಲಿಗೆ ಒರಗಿ ಕುಳಿತಳಂತೆ. ನಿಂಗಯ್ಯ ಆಟೋ ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರವತ್ತೊಂದು ವರ್ಷ. ಒಂದು ದಿನವೂ ಹಾಸಿಗೆ ಹಿಡಿದವಳಲ್ಲ.

ಗಂಟು ಬಿಚ್ಚಿತು. ಬೀಗದ ಕೈ ತರನ್ನುಮಳ ಅಂಗೈಗೆ ಬಿತ್ತು. ಅದಿನ್ನೂ ತಣ್ಣಗಾಗಿರಲಿಲ್ಲವೋ, ಅಥವಾ ಹಣತೆಯ ಶಾಖವೋ, ಅವಳಿಗೆ ತಿಳಿಯಲಿಲ್ಲ.

ಅದು ಪಕ್ಕದ ಮನೆಯ ಬೀಗದ ಕೈ. ಮದ್ದೂರಿನ ಆ ಬೀದಿಯಲ್ಲಿ ನಿಂಗಯ್ಯನ ಮನೆಯೆಂದರೆ ಒಂದೇ ಸೂರಿನ ಕೆಳಗೆ ಎರಡು ಮನೆ, ನಡುವೆ ಒಂದು ಗೋಡೆ. ಈ ಕಡೆಯದು ಅವರಿಬ್ಬರದು. ಆ ಕಡೆಯದು ಮಗ ಪುನೀತನಿಗೆಂದು ಕಟ್ಟಿಸಿದ್ದು. ಪುನೀತನ ಹೆಂಡತಿಗೆ ಮಳವಳ್ಳಿಯ ಶಾಲೆಯಲ್ಲಿ ಟೀಚರ್ ಕೆಲಸ. ಮದುವೆಯಾದ ವರ್ಷವೇ ಅವರು ಅಲ್ಲಿಗೆ ಹೋದರು. ಆರು ವರ್ಷದಿಂದ ಆ ಮನೆಗೆ ಬೀಗ. ಪ್ರತಿ ಶುಕ್ರವಾರ ದೇವಿರಮ್ಮ ಬೀಗ ತೆಗೆದು, ಗುಡಿಸಿ, ನೀರು ಹಾಕಿ ಒರೆಸಿ, ಮತ್ತೆ ಬೀಗ ಹಾಕುತ್ತಿದ್ದಳು. ಬೇರೆ ಯಾರ ಕೈಗೂ ಬೀಗದ ಕೈ ಕೊಟ್ಟವಳಲ್ಲ.

ತರನ್ನುಮ್ ಹಿತ್ತಿಲಿಂದ ಸುತ್ತಿ ಬಂದು ಆ ಬಾಗಿಲು ತೆಗೆದಳು. ಒಳಗೆ ಮದುವೆಯ ಮಂಚ, ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು. ಅವಳು ಮಂಚವನ್ನು ಮೂಲೆಗೆ ಎಳೆದು, ಜಗಲಿಗೆ ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತಾಯಂದಿರ ಕಂಕುಳಿಂದ ತೆಗೆದುಕೊಂಡಳು.

ಅವರೆಲ್ಲ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು. ಏಳು ಗಂಟೆಗೆ ಮಕ್ಕಳನ್ನು ದೇವಿರಮ್ಮನ ಮನೆಯಲ್ಲಿ ಬಿಟ್ಟು, ಬೀದಿಯ ಕೊನೆಗೆ ಬರುವ ವ್ಯಾನು ಹತ್ತಿದರೆ, ಮತ್ತೆ ಬರುವುದು ಸಂಜೆ ಆರೂವರೆಗೆ. ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಬಾಗಿಲ ಮುಂದೆ ಸೌದೆಯ ಹೊಗೆ ಕಂಡು, ಒಳಗೆ ಇಣುಕಿ, ಬಾಯಿಗೆ ಸೆರಗು ಹಿಡಿದರು.

"ನಿನ್ನೆ ಸಂಜೆ ನನ್ನ ಮಗೀಗೆ ಎಣ್ಣೆ ಹಚ್ಚಿ ಕೊಟ್ರಲ್ಲ," ಎಂದಳು ಒಬ್ಬಳು. ಅದನ್ನೇ ಮೂರು ಸಲ ಹೇಳಿದಳು.

ವ್ಯಾನಿನ ಹಾರನ್ ಕೇಳಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಜೆ ಹೇಳದೆ ನಿಂತರೆ ಸೂಪರ್‌ವೈಸರನ ಬಾಯಿಗೆ ಬೀಳಬೇಕು.

"ಹೋಗ್ರಮ್ಮ, ಮಕ್ಕಳು ಆ ಕಡೆ ಮನೇಲಿರ್ತವೆ. ನಾನಿದ್ದೀನಿ," ಎಂದಳು ತರನ್ನುಮ್.

"ಇವತ್ತು ಸರಿ ತರನ್ನಕ್ಕ. ನಾಳೆಗೆ ಹೆಂಗೆ?"

"ಸಂಜೆ ಬನ್ನಿ. ಹೇಳ್ತೀನಿ."

ಏನು ಹೇಳುವುದೆಂದು ಅವಳಿಗೇ ಗೊತ್ತಿರಲಿಲ್ಲ. ಮನೆ ನಿಂಗಯ್ಯನದು. ಪಕ್ಕದ್ದು ಪುನೀತನದು. ದೇವಿರಮ್ಮ ಇಲ್ಲದ ಮೇಲೆ ಆ ಎರಡು ಬಾಗಿಲಲ್ಲಿ ಯಾವುದನ್ನು ತೆರೆಯಲೂ ತನಗೆ ಹಕ್ಕಿಲ್ಲ. ಹೆಣದ ಮುಂದೆ ನಿಂತು ಇಂಥ ಮಾತು ಎತ್ತುವುದು ಹೇಗೆ?

ಎಲ್ಲರೂ ಓಡಿದರು. ಅಮೃತ ಒಬ್ಬಳು ಹೋಗಲಿಲ್ಲ. ಮಗಳು ಗಗನಳನ್ನು ತರನ್ನುಮಳ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಒಳಗೆ ಹೋಗಿ ದೇವಿರಮ್ಮನ ಕಾಲ ಬಳಿ ಕುಳಿತಳು.

*

ಮಕ್ಕಳನ್ನು ನೋಡಿಕೊಳ್ಳುವ ಈ ಕೆಲಸ ಅಮೃತಳಿಂದಲೇ ಶುರುವಾದದ್ದು. ಆಗ ಅವಳಿಗೆ ನಾಲ್ಕು ವರ್ಷ. ಅವಳ ತಾಯಿ ಮಂಡ್ಯದ ಆಸ್ಪತ್ರೆಗೆ ಹೋಗಬೇಕಾಗಿ ಬಂದು, ಎದುರು ಮನೆಯ ದೇವಿರಮ್ಮನ ಹತ್ತಿರ ಮಗುವನ್ನು ಒಂದು ದಿನ ಬಿಟ್ಟಿದ್ದಳು. ಮಾರನೆಯ ದಿನ ಮಗು ತಾನಾಗಿಯೇ ಬೀದಿ ದಾಟಿ ಬಂದು ಹೊಸ್ತಿಲ ಮೇಲೆ ಕುಳಿತಿತು. ಅಷ್ಟರಲ್ಲಿ ಊರಾಚೆ ಗಾರ್ಮೆಂಟ್ಸು ಬಂತು. ಬೀದಿಯ ಹೆಂಗಸರು ಹೊಲಿಯುವುದಕ್ಕೆ ಹೊರಟರು. ಎರಡು ಮಕ್ಕಳಾದವು, ನಾಲ್ಕಾದವು.

ಎಂಟಾದ ಮೇಲೆ ದೇವಿರಮ್ಮ ಸಾಕು ಎಂದಳು. ಎಷ್ಟು ಜನ ಬಂದು ಕೇಳಿಕೊಂಡರೂ ಒಂಬತ್ತನೆಯ ಮಗುವನ್ನು ಸೇರಿಸಲಿಲ್ಲ. ಬೋರ್ಡು ಹಾಕಲಿಲ್ಲ. ಅದಕ್ಕೊಂದು ಹೆಸರೂ ಇಡಲಿಲ್ಲ.

ತರನ್ನುಮ್ ಬಂದದ್ದು ನಾಲ್ಕು ವರ್ಷದ ಹಿಂದೆ, ಮಗಳು ತಹಸೀನಳನ್ನು ಬಿಡಲಿಕ್ಕೆ. ಅವಳೂ ಆಗ ಗಾರ್ಮೆಂಟ್ಸಿನವಳೇ. ಒಂದು ದಿನ ಮಗುವಿಗೆ ಜ್ವರ ಬಂದು, ಬಿಟ್ಟು ಹೋಗಲು ಮನಸ್ಸಾಗದೆ ಅಲ್ಲೇ ಕುಳಿತಳು. ಸುಮ್ಮನೆ ಕೂರಲಾರದೆ ಬೇರೆ ಮಕ್ಕಳಿಗೂ ಉಣ್ಣಿಸಿದಳು.

"ನಿನ್ನ ಎಸ್ರೇನು?" ಎಂದು ದೇವಿರಮ್ಮ ಕೇಳಿದಳು.

"ತರನ್ನುಮ್."

"ತರನ್ನಮ್ಮ. ನಾಳೀಕೂ ಬಾ."

ಅಂದಿನಿಂದ ಬೀದಿಗೆಲ್ಲ ಅವಳು ತರನ್ನಮ್ಮ. ಅತ್ತೆ ಸರ್ವರ್ ಬೇಗಂ ಮೊದಮೊದಲು ಹೆಸರು ಕೆಡಿಸಿದರೆಂದು ಗೊಣಗಿದಳು. ಆಮೇಲೆ ಅವಳೇ ಒಂದು ದಿನ ಬಾಯಿ ತಪ್ಪಿ ಹಾಗೆ ಕರೆದು ನಕ್ಕಳು.

*

ಪುನೀತ ಒಂಬತ್ತು ಗಂಟೆಗೆ ಬಂದ. ತಾಯಿಯ ಕೈ ಹಿಡಿದುಕೊಂಡು ಶಬ್ದವಿಲ್ಲದೆ ಅತ್ತ. ಸ್ವಲ್ಪ ಹೊತ್ತಿನಲ್ಲಿ ಚಿಕ್ಕರಸಿನಕೆರೆಯಿಂದ ನಿಂಗಯ್ಯನ ಅಕ್ಕ ಮರಿತಾಯಮ್ಮ ಆಟೋದಲ್ಲಿ ಬಂದಿಳಿದಳು. ಎಂಬತ್ತರ ಹತ್ತಿರದ ಮುದುಕಿ. ಬೀದಿಯಿಂದಲೇ ಹಾಡಿಕೊಂಡು ಅಳುತ್ತ ಬಂದು, ನಾದಿನಿಯ ಎದೆಯ ಮೇಲೆ ಬಿದ್ದಳು. ಅಳು ಮುಗಿದ ಮೇಲೆ ಮೂಗು ಒರೆಸಿಕೊಂಡು, ರೂಢಿಯಂತೆ ದೇವರ ಪಟಗಳಿಗೆ ಕೈಮುಗಿಯಲು ತಿರುಗಿದಳು. ಅಲ್ಲಿ ಪಟಗಳಿರಲಿಲ್ಲ. ಪಕ್ಕದ ಮನೆಗೆ ಸೇರಿದ ಆ ಗೋಡೆಯ ಮೇಲೆ ಬರೀ ಮೊಳೆಗಳಿದ್ದವು. ಪಟಗಳಿದ್ದ ಕಡೆ ಸುಣ್ಣ ಬೆಳ್ಳಗೆ ಚೌಕಾಕಾರವಾಗಿ ಉಳಿದಿತ್ತು.

"ನಿಂಗ, ದೇವ್ರೆಲ್ಲಾ ಎಲ್ಲಿ ಓದೊ?"

ನಿಂಗಯ್ಯ ಎದುರು ಗೋಡೆ ತೋರಿಸಿದ. ಭೈರವ, ಮಾದಪ್ಪ, ಉಗ್ರನರಸಿಂಹ, ಮೂವರೂ ಅಲ್ಲಿ ಹೊಸ ಮೊಳೆಗಳ ಮೇಲೆ ಒತ್ತೊತ್ತಾಗಿ ನಿಂತಿದ್ದರು. ಸೂತಕವೆಂದು ಯಾರೋ ಬಟ್ಟೆ ಮುಚ್ಚಿದ್ದರು.

"ಯಾರು ಆಕುದ್ದು ಅಲ್ಲಿ?"

"ಅವ್ಳೇ ಕಣಕ್ಕ. ಸ್ವಾಮಾರ ಬೆಳಿಗ್ಗೆ ತಲೆಗೆ ನೀರಾಕ್ಕಂಡು ಬಂದು, ಒಂದೊಂದೇ ಎತ್ತಿ ಅಲ್ಲಿಗೆ ಆಕುದ್ಲು. ಯಾಕಮ್ಮಿ ಅಂದೆ. ಇರ್ಲಿ ಬುಡು ಅಂದ್ಲು."

"ನೀನು ಸುಮ್ಕಿದ್ದ?"

"ಅವ್ಳ ಮುಂದೆ ನಾನು ಇನ್ನೇನಿದ್ದೆ."

ಮರಿತಾಯಮ್ಮ ಹಣೆ ಚಚ್ಚಿಕೊಂಡಳು. "ಮೂವತ್ತು ವರ್ಸ ಒಂದ್ಕಡೆ ಇದ್ದ ದೇವ್ರನ್ನ ಅಲುಗ್ಸ್‌ಬಾರ್ದು ಕನ್ಲಾ. ಸ್ವಾಮಾರ ಎತ್ತುದ್ಲು, ಬೇಸ್ತವಾರ ಓದ್ಲು. ಮಣ್ಣು ಮಾಡಿ ಬಂದ ಮೇಲೆ ಅಳೇ ಗೋಡೆಗೇ ಆಕಬೇಕು ನೋಡು. ಈ ಮನೇಲಿ ಇನ್ನೂ ಒಬ್ಬ ಇದ್ದೀಯ ನೀನು."

"ಅಪ್ಪ ಇಲ್ಲಿರಲ್ಲ ದೊಡ್ಡತ್ತೆ," ಎಂದ ಪುನೀತ. "ನಾನು ಮಳವಳ್ಳಿಗೆ ಕರ್ಕೊಂಡು ಹೋಗ್ತೀನಿ. ಎರಡು ಮನೇನೂ ಬಾಡಿಗೆಗೆ ಕೊಟ್ಬಿಡೋದು."

ಬಾಗಿಲ ಬಳಿ ನಿಂತಿದ್ದ ತರನ್ನುಮ್ ಹಿಂದಕ್ಕೆ ಸರಿದು, ಪಕ್ಕದ ಮನೆಗೆ ಹೋದಳು. ಮಕ್ಕಳು ಮಂಚದ ಪ್ಲಾಸ್ಟಿಕ್ಕಿನ ಮೇಲೆ ಕೈಯಾಡಿಸಿ ಸರಬರ ಸದ್ದು ಮಾಡಿ ನಗುತ್ತಿದ್ದವು. ಅವಳು ಅವನ್ನು ಇಳಿಸಲಿಲ್ಲ. ಸಂಜೆಗೆ ಉತ್ತರ ಸಿಕ್ಕಿತು ಎಂದುಕೊಂಡಳು.

*

ಹಿಂದಿನ ಶನಿವಾರ ಮಧ್ಯಾಹ್ನ ಎಂಟು ಮಕ್ಕಳೂ ಊಟ ಮಾಡಿ ಒಂದೇ ಸಾಲಿನಲ್ಲಿ ಮಲಗಿದ್ದವು. ದೇವಿರಮ್ಮ ನಡುವೆ ಗೋಡೆಗೆ ಒರಗಿ, ಕಾಲು ಚಾಚಿ, ಅವರೆಕಾಯಿ ಸುಲಿಯುತ್ತಿದ್ದಳು. ತರನ್ನುಮ್ ಹದಿನೈದು ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ತೆಗೆದಳು.

"ಅಮ್ಮ, ಗಾರ್ಮೆಂಟ್ಸಲ್ಲಿ ಹೊಸ ಲೈನು ಹಾಕವ್ರೆ. ನಮ್ಮ ಸುತ್ತಿಂದ್ಲೇ ಆರು ಜನ ಸೇರವ್ರೆ. ಮಕ್ಕಳ್ನ ಎಲ್ಲಿ ಬುಡದು ಅಂತ ನನ್ನ ಕೇಳ್ತಾರೆ."

"ಎಂಟರ ಮ್ಯಾಲೆ ಒಂದೂ ಬ್ಯಾಡ ಅಂತ ನಿಂಗೊತ್ತಲ್ಲ."

"ಈ ಮನೇಲಿ ಎಂಟು. ಪಕ್ಕದ ಮನೆ ಸುಮ್ನೆ ಅದಲ್ಲ."

ಸುಲಿಯುವ ಕೈ ನಿಂತಿತು. "ಅದು ಪುನೀತಂದು."

"ಪುನೀತಣ್ಣ ಮಳವಳ್ಳೀಲೇ ಮನೆ ಕಟ್ಟುಸ್ತಾವ್ರೆ ಅಲ್ವಾಮ್ಮ."

"ಗೊತ್ತು ಕಣಮ್ಮಿ. ಪಾಯದ ಪೂಜೆಗೆ ತೆಂಗಿನಕಾಯಿ ಎತ್ಕಂಡು ಓಗಿದ್ದೋಳು ನಾನೇ ತಾನೆ."

ದೇವಿರಮ್ಮ ಸಿಪ್ಪೆಯನ್ನು ಒತ್ತಟ್ಟಿಗೆ ತಳ್ಳಿದಳು. ಆಮೇಲೆ ಅಂದಳು: "ಮಳವಳ್ಳಿ ಏನು ಕಾಸಿಯಾ? ಬಸ್ಸತ್ತುದ್ರೆ ಮುಕ್ಕಾಲು ಗಂಟೆ. ಆದ್ರೂ ಶುಕ್ರಾರ ಬೀಗ ತಗ್ಯುವಾಗ ಒಳಗವ್ನೆ ಅನ್ನುಸ್ತದೆ. ಉಚ್ಚು ನನ್ಮಗಂದು ಮನಸು."

"ನಾನು ಆ ಕಡೆ ಮನೇಲಿ ಚಿಕ್ಕ ಮಕ್ಕಳ್ನ ನೋಡ್ಕೊತೀನಿ. ನೀವು ಈ ಕಡೆ."

"ಮಧ್ಯ ಗೋಡೆ ಅದಲ್ಲಮ್ಮಿ. ಆ ಕಡೆ ಮಗಾ ಅತ್ರೆ ಈ ಕಡೆ ನಂಗೆಂಗೆ ಗೊತ್ತಾಯ್ತದೆ? ಬೀದಿಗಿಳ್ದು ಸುತ್ತಿ ಬರಾ ಒತ್ಗೆ ಅದು ಮೆಟ್ಲಿಂದ ಉಳ್ಳೋಗಿರ್ತದೆ."

"ನಾನಿರ್ತೀನಲ್ಲ."

"ನೀನೊಬ್ಳು ಅಲ್ಲಿ, ನಾನೊಬ್ಳು ಇಲ್ಲಿ. ಆಮ್ಯಾಕೆ ನಾನು ಯಾರ್ ಕುಟ್ಟೆ ಮಾತಾಡ್ಲಿ?"

ತರನ್ನುಮ್ ಎದ್ದು ನಿಂತಳು. "ನನ್ನ ಕೈಲಾಗಲ್ಲ ಅಂತ ಹೇಳ್ರಿ. ನನ್ನ ನಂಬಿ ಯಾರೂ ಬುಡಲ್ಲ ಅಂತ ಹೇಳ್ರಿ. ನಾನು ಯಾವತ್ತೂ ನಿಮ್ಮ ಕೈಕೆಳಗೇ ಇರ್ಬೇಕು, ಅಷ್ಟೇ ತಾನೆ?"

ಸಾಲಿನಲ್ಲಿ ಒಂದು ಮಗು ಕೆಮ್ಮಿತು. ದೇವಿರಮ್ಮ ಕೈ ಚಾಚಿ ಅದರ ಬೆನ್ನು ಸವರಿದಳು. ಅದು ಮತ್ತೆ ನಿದ್ದೆ ಹೋಗುವವರೆಗೆ ಕೈ ತೆಗೆಯಲಿಲ್ಲ. ಆಮೇಲೆ ಅವಳನ್ನು ನೋಡದೆ, ಅವರೆಕಾಯಿ ಎತ್ತಿಕೊಂಡು ಅಂದಳು:

"ಆಯ್ತು ಬುಡು."

ಅಲ್ಲಿಗೆ ಮಾತು ಮುಗಿಯಿತು. ಇಷ್ಟು ಮಾತಾಡಿದ್ದು ಸಾಕು, ಇನ್ನು ಎತ್ತಬೇಡ ಎಂದು ತರನ್ನುಮ್ ಅರ್ಥ ಮಾಡಿಕೊಂಡಳು. ಭಾನುವಾರ ರಜೆ. ಸೋಮವಾರದಿಂದ ಮೂರು ದಿನ ಅವಳು ಬಂದು ಕೆಲಸ ಮಾಡಿದಳು. ಬೇಕಾದಷ್ಟಕ್ಕೆ ಮಾತ್ರ ಬಾಯಿ ತೆರೆದಳು. ಹನ್ನೊಂದು ಗಂಟೆಯ ಕಾಫಿಯನ್ನು ಹಿತ್ತಿಲಲ್ಲಿ ಒಬ್ಬಳೇ ಕುಡಿದಳು. ದೇವರ ಪಟಗಳು ಜಾಗ ಬದಲಿಸಿದ್ದನ್ನು ನೋಡಿಯೂ ಕೇಳಲಿಲ್ಲ. ಬುಧವಾರ ಸಂಜೆ ಹೊರಡುವಾಗ ದೇವಿರಮ್ಮ ಒಲೆಯ ಮುಂದಿದ್ದಳು. ದಿನವೂ ಹೇಳುತ್ತಿದ್ದ "ಬತ್ತೀನಮ್ಮ" ಎಂಬ ಮಾತನ್ನು ಅಂದು ಹೇಳದೆ ಮೆಟ್ಟಿಲಿಳಿದಳು. ಹಿಂದಿನಿಂದ ದೇವಿರಮ್ಮ ತಾನೇ "ಊಂ, ಬಾಮ್ಮಿ" ಎಂದದ್ದು ಕೇಳಿಸಿತ್ತು. ತಿರುಗಿ ನೋಡಲಿಲ್ಲ.

*

ಮಧ್ಯಾಹ್ನ ಹನ್ನೆರಡಕ್ಕೆ ಪುನೀತ ಬಟ್ಟೆ ಬದಲಿಸಲು ಪಕ್ಕದ ಮನೆಗೆ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಸರ್ವರ್ ಬೇಗಂ ಮಾಡಿ ಕಳಿಸಿದ ಅನ್ನ ಸಾರು ಉಂಡು ಮಕ್ಕಳು ಅವನ ಮದುವೆಯ ಮಂಚದ ಮುಂದೆ ಸಾಲಾಗಿ ಬಿದ್ದುಕೊಂಡಿದ್ದವು. ಗಗನ ಒಬ್ಬಳು ಎದ್ದು ಕುಳಿತಿದ್ದಳು.

"ನೀನ್ಯಾರು?" ಎಂದಳು.

"ಇದು ನನ್ನ ಮನೆ," ಎಂದ ಪುನೀತ.

"ಇಲ್ಲ, ದ್ಯಾವಮ್ಮಜ್ಜಿದು. ನೀನು ಚಪ್ಲಿ ಬುಟ್ಟು ಬಾ."

ಅವನು ಚಪ್ಪಲಿ ಬಿಟ್ಟು ಬಂದ. ಮೂಲೆಯಲ್ಲಿದ್ದ ತರನ್ನುಮ್ ಎದ್ದು ನಿಂತು, "ಬೇರೆ ಕಡೆ ಜಾಗ ಇರ್ಲಿಲ್ಲ ಪುನೀತಣ್ಣ. ಅಮ್ಮನ ಸೆರಗಿಂದ ಬೀಗದ ಕೈ ತಗಂಡೆ. ತಪ್ಪು ತಿಳ್ಕೊಬೇಡಿ," ಎಂದಳು.

"ಅಮ್ಮ ಮಂಗಳವಾರ ಫೋನ್ ಮಾಡಿದ್ಲು. ಭಾನುವಾರ ಬಾ, ಒಂದು ಮಾತದೆ ಅಂದ್ಲು. ಏನಮ್ಮ ಅಂದೆ. ಫೋನಲ್ಲಿ ಹೇಳೋದಲ್ಲ ಅಂದ್ಲು." ಅವನು ಪಂಚೆ ಕೈಯಲ್ಲಿ ಹಿಡಿದು ಮಕ್ಕಳನ್ನು ನೋಡುತ್ತ ನಿಂತ. "ಏನಿತ್ತೋ, ನಿಂಗೇನಾದ್ರೂ ಗೊತ್ತಾ?"

"ನಂಗೇನೂ ಹೇಳ್ಲಿಲ್ಲ," ಎಂದಳು ತರನ್ನುಮ್. ಹೇಳುವುದಕ್ಕೆ ತಾನು ಎಡೆ ಕೊಡಲಿಲ್ಲ ಎಂಬುದನ್ನು ಅವನಿಗೆ ಹೇಳಲಾರದೆ ಹೋದಳು.

ಹೆಣಕ್ಕೆ ನೀರೆರೆದು, ಹೊಸ ಸೀರೆ ಉಡಿಸಿ, ಬೀದಿಗೆ ತಂದರು. ಬಾಯಿಗೆ ಅಕ್ಕಿ ಹಾಕುವ ಹೊತ್ತು ಬಂತು. ನೆಂಟರಾದ ಮೇಲೆ ಅಮೃತ ಹಾಕಿದಳು. "ಅಮ್ಮನಿಗಿಂತ ನಿನ್ನ ಕೈತುತ್ತೇ ಜಾಸ್ತಿ ಉಂಡಿವ್ನಿ ಕಣವ್ವ," ಎಂದು ಹೇಳಿಕೊಂಡು ಅತ್ತಳು. ತರನ್ನುಮ್ ದೂರದಲ್ಲಿ, ಕಂಬದ ಪಕ್ಕ, ಕಂಕುಳಲ್ಲಿ ಒಂದು ಮಗುವನ್ನು ಇಟ್ಟುಕೊಂಡು ನಿಂತಿದ್ದಳು.

ಮರಿತಾಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಅವ್ಳ್ಯಾಕೆ ಅಲ್ಲಿ ನಿಂತವ್ಳೆ? ಬಾಮ್ಮಿ ಇಲ್ಲಿ. ನಾಲ್ಕು ವರ್ಸ ಒಂದೇ ಪಾತ್ರೇಲಿ ಕೈಯಾಡ್ಸಿ, ಈಗ ನೆಂಟ್ರಂಗೆ ನಿಂತ್ಕತೀಯ? ಆ ಮಗಾನ ಯಾರಿಗಾರ ಕೊಟ್ಟು ಬಾ."

ತರನ್ನುಮ್ ಬಂದಳು. ಅಕ್ಕಿ ಹಾಕುವಾಗ ಬೆರಳು ದೇವಿರಮ್ಮನ ತುಟಿಗೆ ತಾಕಿತು. ಬತ್ತೀನಮ್ಮ ಎಂಬ ಮಾತು ಬಾಯಿಗೆ ಬಂತು. ಹೋಗುತ್ತಿದ್ದವಳು ದೇವಿರಮ್ಮ, ತಾನು ಆ ಮಾತು ಹೇಳಿ ಏನು ಬಂತು? ಟೆಂಪೊ ಕೊಪ್ಪದ ಕಡೆಗೆ ಹೊರಟಿತು. ಅಲ್ಲಿ ಅವರ ಹೊಲದಲ್ಲಿ, ಮಾವನ ಮಣ್ಣಿನ ಪಕ್ಕದಲ್ಲಿ ಗುಂಡಿ ತೆಗೆದಿದ್ದರು.

ಹೆಂಗಸರು ಮನೆ ತೊಳೆಯಲು ನಿಂತರು. ಅಮೃತ ನೀರು ಸುರಿದಳು, ತರನ್ನುಮ್ ಪೊರಕೆ ಹಿಡಿದಳು. ಮರಿತಾಯಮ್ಮ ಮಂಡಿ ನೋವೆಂದು ಹೊಸ್ತಿಲಲ್ಲಿ ಕುಳಿತು ಹೇಳುತ್ತಿದ್ದಳು, ಆ ಮೂಲೆ, ಈ ಮೂಲೆ ಎಂದು.

"ತರನ್ನಕ್ಕ," ಎಂದಳು ಅಮೃತ ಮೆಲ್ಲಗೆ, "ನೀನು ನಿಮ್ಮನೇಲೇ ಮಾಡ್ಬೋದಲ್ಲ."

"ನಮ್ಮನೆ ಒಂದು ಕೋಣೆ ಕಣಮ್ಮ. ಅತ್ತೆ ಮಲಗುದ್ರೆ ನಾವು ಕಾಲು ಮಡ್ಚಬೇಕು. ಮತ್ತೆ ಯಾರು ಬುಡ್ತಾರೆ ನನ್ನ ನಂಬಿ? ಅಮ್ಮ ಇದ್ರು ಅಂತ ಬುಡ್ತಿದ್ರು."

"ನಾನು ಬುಡ್ತೀನಿ."

"ನೀನೊಬ್ಳು."

"ಮಿಕ್ಕೋರೆಲ್ಲಾ ಬೆಳಿಗ್ಗೆ ಬುಟ್ಟೋದ್ರಲ್ಲ. ಆಗ ಅವ್ವ ಎಲ್ಲಿದ್ಲು?"

ತರನ್ನುಮ್ ಪೊರಕೆ ನಿಲ್ಲಿಸಿ ಅವಳನ್ನು ನೋಡಿದಳು.

"ಮಾತು ಸಾಕು, ನೀರು ಆ ಕಡೀಕೆ ತಳ್ಳಿ," ಎಂದಳು ಮರಿತಾಯಮ್ಮ.

*

ಮಣ್ಣು ಮಾಡಿ ಗಂಡಸರು ಬಂದಾಗ ಐದೂವರೆಯಾಗಿತ್ತು. ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಕೈಮುಗಿದು, ಜಗಲಿಯ ಮೇಲೆ ಕುಳಿತರು. ನೆಂಟರು ಒಬ್ಬೊಬ್ಬರಾಗಿ ಎದ್ದು ಹೊರಟರು. ಗಾರೆ ಕೆಲಸದ ಗಫಾರ್ ಮಾತ್ರ ಹೋಗಲಿಲ್ಲ. ಈ ಎರಡು ಮನೆಗಳ ಗೋಡೆಗೂ ಗಾರೆ ಹಾಕಿದವನು ಅವನು. ಕೊಪ್ಪಕ್ಕೂ ಬಂದು ಗುಂಡಿಗೆ ಮಣ್ಣೆಳೆದಿದ್ದ. ಎದ್ದು, ಕುಳಿತು, ಮತ್ತೆ ಎದ್ದ.

"ಏನ್ಲಾ ಗಫಾರ, ಒಟ್ಟೇಲಿ ಏನೋ ಇಟ್ಕಂಡಿದ್ದೀಯ," ಎಂದ ನಿಂಗಯ್ಯ.

"ಕೇಳ್ಬಾರ್ದ ಹೊತ್ತು ಕಣಣ್ಣ. ಆದ್ರೆ ಬೇರೆ ಕಡೆ ಕೆಲ್ಸಕ್ಕೆ ಬಾ ಅಂತಾವ್ರೆ, ಅವ್ರಿಗೆ ಹೇಳ್ಬೇಕು. ಈ ಭಾನುವಾರ ನಾನು ಬರ್ಬೇಕೋ, ಬ್ಯಾಡ್ವೋ?"

"ಎಲ್ಲಿಗೆ?"

"ಇಲ್ಲಿಗೇ. ಗೋಡೆ ಒಡ್ಯಕ್ಕೆ." ಗಫಾರ್ ಒಳಗೆ ಕೈ ತೋರಿಸಿದ. "ಅಕ್ಕಾರು ಹೇಳಿದ್ರಲ್ಲ. ಮಧ್ಯದ ಗೋಡೇಲಿ ಒಂದು ಬಾಗ್ಲು ತಗೀಬೇಕು ಅಂದ್ರು. ಕದ ಬ್ಯಾಡ, ಬರೀ ಬಾಗ್ಲು. ನೀವು ಹೊಲದಲ್ಲಿದ್ದಾಗ ನಾನು ಬಂದು ಅಳತೆ ತಗಂಡೆ. ದೇವ್ರ ಪಟ ಅಡ್ಡ ಬತ್ತವಲ್ಲಕ್ಕ ಅಂದೆ. ದೇವ್ರನ್ನ ನಾನು ಒಪ್ಪುಸ್ತೀನಿ, ನೀನು ಕಲ್ಲು ಕೀಳೋದು ನೋಡು ಅಂದ್ರು."

ಪುನೀತ ತಲೆ ಎತ್ತಿದ. ತರನ್ನುಮ್ ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದಳು.

"ಯಾವತ್ತು ಹೇಳಿದ್ದು ಅಮ್ಮ?" ಎಂದಳು.

"ಹೋದ್ ಶನಿವಾರ ಸಂಜೆ. ಮಕ್ಕಳ್ನೆಲ್ಲಾ ಕಳ್ಸಿ, ನಮ್ಮನೆ ಗಂಟ ನಡ್ಕಂಡು ಬಂದಿದ್ರು."

"ಶನಿವಾರವೇ?"

"ಶನಿವಾರವೇ ಕಣಮ್ಮ. ಯಾರ್ಗೂ ಹೇಳ್ಬ್ಯಾಡ, ಪುನೀತನ ಮನೆ ಅದು, ಮೊದ್ಲು ಅವನ್ ಕಿವೀಗೆ ಆಕ್ಬೇಕು, ಭಾನುವಾರ ಬತ್ತಾನೆ ಅಂದ್ರು."

ತರನ್ನುಮ್ ಚೌಕಟ್ಟನ್ನು ಹಿಡಿದುಕೊಂಡಳು. "ನಾನು ಕೇಳ್ದೆ ಅಪ್ಪಾಜಿ. ಶನಿವಾರ ಮಧ್ಯಾಹ್ನ ನಾನೇ ಕೇಳ್ದೆ. ಆಯ್ತು ಬುಡು ಅಂದ್ರು. ಬ್ಯಾಡ ಅಂದ್ರು ಅಂದ್ಕಂಡೆ. ಮೂರು ದಿನ ಅವ್ರ ಮುಖ ನೋಡ್ಲಿಲ್ಲ ನಾನು."

ನಿಂಗಯ್ಯ ಅವಳ ಕಡೆ ತಿರುಗಿದ.

"ನಾನು ಅವ್ಳ ನೋಡಕ್ಕೆ ಓಗಿದ್ದಾಗ," ಎಂದ ಆಮೇಲೆ, "ಆತಗೂರಲ್ಲಿ, ಅವರಪ್ಪ ಕೇಳುದ್ರು, ಉಡ್ಗ ಒಪ್ಗೆನವ್ವ ಅಂತ. ಬಾಗ್ಲು ಸಂದೀಲಿ ನಿಂತ್ಕಂಡು ಆಯ್ತು ಬುಡು ಅಂದ್ಲು. ಅವರಪ್ಪ ಒಪ್ಗೆ ಅಂತ ತಾಂಬೂಲ ಬದಲಾಯಿಸ್ಬುಟ್ರು. ಮೂವತ್ತೆಂಟು ವರ್ಸ ಆಯ್ತು ಕಣಮ್ಮಿ. ಅವತ್ತು ಒಪ್ಗೆ ಅಂದ್ಳೋ, ಈ ಮಾತು ಬುಡಿ ಅಂದ್ಳೋ, ನಂಗಿವತ್ತುಗಂಟ ಗೊತ್ತಿಲ್ಲ. ಕೇಳುದ್ರೆ ನಗೋಳು."

ಮರಿತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

"ನಂಗೂ ಒಂದು ಮಾತು ಬುಡ್ಸಿ ಹೇಳ್ಬೋದಿತ್ತು," ಎಂದಳು ತರನ್ನುಮ್.

"ಹೇಳುದ್ಲಲ್ಲ. ಆಯ್ತು ಅಂತ."

ಪುನೀತ ಎದ್ದು ಒಳಗೆ ಹೋಗಿ, ಬರಿದಾದ ಗೋಡೆಯ ಮುಂದೆ ನಿಂತ. ಅಂಗೈಯಿಂದ ಅದನ್ನು ಸವರಿದ. "ಭಾನುವಾರ ಕೇಳಿದ್ರೆ ನಾನು ಏನಂತಿದ್ನೋ," ಎಂದ ತನ್ನಷ್ಟಕ್ಕೆ. "ಬಾಡಿಗೆಗೆ ಕೊಡೋಣ ಅನ್ನಕ್ಕೇ ಬತ್ತಿದ್ದೆ ನಾನು." ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು ಗಫಾರನಿಗೆ, "ತಿಥಿ ಕಳೀಲಿ. ಆಮೇಲೆ ಬಾ," ಎಂದ. ಎಷ್ಟು ಅಗಲ ಹೇಳಿದ್ದಳು ಎಂದು ಕೇಳಿದ.

"ಇಬ್ರು ಎದುರು ಬದ್ರು ಬಂದ್ರೆ ಭುಜ ತಾಕ್ಬಾರ್ದು ಅಂದ್ರು."

"ಅಲ್ಲಾ, ದೇವ್ರು?" ಎಂದಳು ಮರಿತಾಯಮ್ಮ. "ದೇವ್ರನ್ನ ಎಲ್ಲಿ ಆಕ್ತೀರಿ? ನಿಂಗ, ನೀನು ಮಗನ ಜೊತೆ ಓಗೋನು. ನೀನಿಲ್ದೆ ಈ ಮನೇಲಿ ದೀಪ ಅಚ್ಚೋರು ಯಾರು?"

ಬೀದಿಯ ಕೊನೆಯಲ್ಲಿ ವ್ಯಾನು ನಿಂತ ಸದ್ದಾಯಿತು. ಹೆಂಗಸರ ಮಾತು, ಅವಸರದ ಹೆಜ್ಜೆ ಹತ್ತಿರ ಬಂದವು. ಮುಂದೆ ಬಂದವರು ದೇವಿರಮ್ಮನ ಬಾಗಿಲಿಗೆ ಬಂದು ದೀಪ ನೋಡಿ ಕೈಮುಗಿದು, ಮಕ್ಕಳನ್ನು ಎಲ್ಲಿ ಕೇಳಬೇಕೆಂದು ತಿಳಿಯದೆ ಎರಡು ಬಾಗಿಲ ನಡುವೆ ನಿಂತರು. ಬೆಳಿಗ್ಗೆ ಕೇಳಿದ್ದವಳೇ ಮತ್ತೆ ಕೇಳಿದಳು: "ತರನ್ನಕ್ಕ, ನಾಳೆಗೆ?"

ತರನ್ನುಮ್ ನಿಂಗಯ್ಯನ ಕಡೆ ನೋಡಿದಳು. ಅವನು ಅಲ್ಲಿರಲಿಲ್ಲ.

ಒಳಗಿನಿಂದ ಟಕ್ ಟಕ್ ಎಂದು ಸದ್ದು ಕೇಳಿತು. ನಿಂಗಯ್ಯ ಒದ್ದೆ ಪಂಚೆಯಲ್ಲೇ ಸ್ಟೂಲಿನ ಮೇಲೆ ನಿಂತು, ನಡುವಿನ ಗೋಡೆಯ ಹಳೆಯ ಮೊಳೆಗೆ ಸುತ್ತಿಗೆಯಿಂದ ಅತ್ತ ಒಂದು, ಇತ್ತ ಒಂದು ಪೆಟ್ಟು ಕೊಡುತ್ತಿದ್ದ.

"ಸಾವಿನ ಮನೇಲಿ ಇವತ್ತು ಮೊಳೆ ಒಡೀಬಾರ್ದು ಕನ್ಲಾ," ಎಂದಳು ಮರಿತಾಯಮ್ಮ.

"ಒಡೀತಾ ಇಲ್ಲ ಕಣಕ್ಕ. ಕೀಳ್ತಾ ಇವ್ನಿ."

ಭೈರವನ ಪಟ ಮೂವತ್ತು ವರ್ಷ ತೂಗಿದ್ದ ಮೊಳೆ ಅದು. ಸುಲಭಕ್ಕೆ ಬರಲಿಲ್ಲ. ಅವನು ಸುತ್ತಿಗೆಯನ್ನು ಇನ್ನೊಂದು ಸಲ ತಟ್ಟಿದ. ಮೊಳೆ ಅಲುಗಿತು; ಒಂದಿಷ್ಟು ಗಾರೆ ಪುಡಿ ಅವನ ಕಾಲ ಮೇಲೆ ಉದುರಿತು. ಆಗ ಗೋಡೆಯ ಆ ಕಡೆಯಿಂದ ಯಾವುದೋ ಒಂದು ಮಗು, ಬರಿಗೈಯಲ್ಲಿ, ಎರಡು ಸಲ ತಿರುಗಿ ತಟ್ಟಿತು.

ನಿಂಗಯ್ಯನ ಕೈ ಮೇಲೆಯೇ ನಿಂತಿತು. ಅವನು ಸ್ಟೂಲಿನ ಮೇಲೆ ಗೋಡೆಗೆ ಕಿವಿಯಿಟ್ಟು ನಿಂತ. ಬಾಗಿಲಲ್ಲಿ ಹೆಂಗಸರು ಮಾತು ನಿಲ್ಲಿಸಿ ಕೇಳಿಸಿಕೊಂಡರು. ಆ ಕಡೆ ಈಗ ಎರಡನೆಯ ಕೈ, ಮೂರನೆಯ ಕೈ, ಒಂದರ ಹಿಂದೊಂದು ತಟ್ಟುತ್ತಿದ್ದವು.